ಪಾಯಸಕ್ಕೆ ಇಂಗಿನ ಒಗ್ಗರಣೆ

ಇಲ್ಲಿ ಬೆಳಗಿನ ಏಳೂವರೆ, ಬೆಂಗಳೂರಿನಲ್ಲಿ ಸಂಜೆ ಐದು. ಹ್ಯಾರಿಸನ್ನಿನ ಈ ಅಪಾರ್ಟ್‌ಮೆಂಟಿನಲ್ಲಿ ಅಡುಗೆಮನೆಗೂ ಅಳಿಯಂದಿರ ಆಫೀಸಿಗೂ ನಡುವೆ ಗೋಡೆಯಿಲ್ಲ. ಹಾಗಾಗಿ ನಾನು ಸಾಸಿವೆ ಸಿಡಿಸುವ ಮೊದಲು ಅವರ ಮುಖ ನೋಡಬೇಕು, ಅವರು ಮೀಟಿಂಗನ್ನು ಮ್ಯೂಟ್ ಮಾಡಬೇಕು. ಒಂದು ದಿನ ಬೆಂಗಳೂರಿನ ಕಡೆಯಿಂದ ದನಿ ಒಡೆದೊಡೆದು ಬರುತ್ತಿತ್ತು. "ಐ ಆಮ್ ನಾಟ್ ಹಿಯರಿಂಗ್ ಯು. ಆರ್ ಯು ಸೀಯಿಂಗ್ ಮೈ ಸ್ಕ್ರೀನ್?" ಎಂದು ಅಳಿಯಂದಿರು ಕೇಳಿದರು. ಹಾಲಿನ ಬಟ್ಟಲಿನಿಂದ ತಲೆಯೆತ್ತದೆ ಆರು ವರ್ಷದ ಮೊಮ್ಮಗಳು ತಿದ್ದಿದಳು: "ಅಪ್ಪಾ, ಇಟ್ಸ್ ಐ ಕಾಂಟ್ ಹಿಯರ್ ಯು."

"ಅಪ್ಪಂಗೆ ಹಾಗೆಲ್ಲ ಎಲ್ಲರ ಎದುರಿಗೆ ಹೇಳ್ಬಾರ್ದು ಪುಟ್ಟಿ" ಎಂದೆ.

"ಅಜ್ಜಿ, ನಾನು ಗೊತ್ತು" ಎಂದಳು.

ಮಲೆನಾಡಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ತಪ್ಪು ಕೇಳಿಸಿದ ಕೂಡಲೇ ಬಲಗೈ ಕೆಂಪು ಪೆನ್ನು ಹುಡುಕುತ್ತದೆ. ಅವತ್ತು ಒಂದೇ ನಿಮಿಷದಲ್ಲಿ ಎರಡು ಸಿಕ್ಕವು. ಅಪ್ಪನದು ಇಂಗ್ಲಿಷಿನ ತಪ್ಪು, ಮಗಳದು ಕನ್ನಡದ ತಪ್ಪು. ಎರಡೂ ಒಂದೇ ಜಾಗದಲ್ಲಿ ಎಡವಿದ್ದರ ಗುರುತು ಎಂಬುದು ಹೊಳೆಯಲು ಮಾತ್ರ ನನಗೆ ಮೂರು ವಾರ ಹಿಡಿಯಿತು.

ಹ್ಯಾರಿಸನ್ ಪುಟ್ಟ ಊರು. ನ್ಯೂಯಾರ್ಕ್ ರಾಜ್ಯದಲ್ಲೂ ಇದೇ ಹೆಸರಿನ ಊರೊಂದಿದೆ, ಇದು ನ್ಯೂಜೆರ್ಸಿಯದು. ಪಸೇಯಿಕ್ ನದಿಯ ಈಚೆ ನಾವು, ಆಚೆ ನ್ಯೂವಾರ್ಕ್. ಎಡಿಸನ್ ತನ್ನ ಬಲ್ಬಿನ ಕಾರ್ಖಾನೆಯನ್ನು 1882ರಲ್ಲಿ ಮೆನ್ಲೋ ಪಾರ್ಕಿನಿಂದ ಇಲ್ಲಿಗೆ ತಂದ. ಆಮೇಲೆ ಅದೇ ಜಾಗದಲ್ಲಿ ಆರ್‌ಸಿಎ ಕಂಪನಿ ರೇಡಿಯೋ ವಾಲ್ವುಗಳನ್ನು ಮಾಡುತ್ತಿತ್ತು, 1976ರಲ್ಲಿ ಅದೂ ಮುಚ್ಚಿತು. ಕಾರ್ಖಾನೆಗಳಿದ್ದ ಊರಿನಲ್ಲಿ ಈಗ ಪಾತ್ ರೈಲು ನಿಲ್ದಾಣದ ಸುತ್ತ ಅಪಾರ್ಟ್‌ಮೆಂಟುಗಳು. ರೈಲು ಹತ್ತಿದರೆ ಮ್ಯಾನ್‌ಹಟನ್ನಿನ ವರ್ಲ್ಡ್ ಟ್ರೇಡ್ ಸೆಂಟರಿಗೆ ನೇರ ದಾರಿ. ಹಾಗಾಗಿ ನಮ್ಮ ಕಡೆಯ ಸಾಫ್ಟ್‌ವೇರಿನವರಿಗೆ ಈ ಊರು ಅನುಕೂಲ. ಲಿಫ್ಟಿನಲ್ಲಿ ತೆಲುಗು ಕೇಳಿಸುತ್ತದೆ, ನದಿಯ ದಂಡೆಯಲ್ಲಿ ಸಂಜೆ ಸ್ಟ್ರೋಲರ್ ತಳ್ಳುವವರ ಬಾಯಲ್ಲಿ ಆಗಾಗ ಕನ್ನಡ ಸಿಗುತ್ತದೆ.

ಆ ದಂಡೆಯಲ್ಲೇ ಪರಿಚಯವಾದ ದಾವಣಗೆರೆಯ ಹುಡುಗಿಯೊಬ್ಬಳು ತನ್ನ ಕತೆ ಹೇಳಿದಳು. ಬಂದ ಹೊಸತರಲ್ಲಿ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಲಾಂಡ್ರಿ ಕೋಣೆಯಲ್ಲಿ ಮಾತಿಗೆಳೆದರಂತೆ. "ಐ ಆಮ್ ಹ್ಯಾವಿಂಗ್ ಟೂ ಕಿಡ್ಸ್" ಎಂದಿದ್ದಾಳೆ ಇವಳು. ಆ ಅಜ್ಜಿ ಬಟ್ಟೆಯ ಬುಟ್ಟಿ ಕೆಳಗಿಟ್ಟು ಅಪ್ಪಿಕೊಂಡು, ಅವಳಿಜವಳಿಯೇ, ಎಷ್ಟನೇ ತಿಂಗಳು ಎಂದು ಕೇಳಿದರಂತೆ. ಮಕ್ಕಳಿಬ್ಬರೂ ಆಗ ಮೇಲೆ ಮನೆಯಲ್ಲಿ ಕಾರ್ಟೂನ್ ನೋಡುತ್ತಿದ್ದರು! ಹ್ಯಾವ್ ಎಂದರೆ ಇರುವುದು. ಅದಕ್ಕೆ ಇಂಗ್ ಸೇರಿಸಿದ ತಕ್ಷಣ ಅದು ನಡೆಯುತ್ತಿರುವ ಅಥವಾ ನಡೆಯಲಿರುವ ಕೆಲಸವಾಗಿಬಿಡುತ್ತದೆ. ಊಟವಾದರೆ ಮಾಡುತ್ತಿರುವುದು, ಮಗುವಾದರೆ ಹೆರಲಿರುವುದು. ಸೀಯಿಂಗ್ ಎಂಬುದರ ಕತೆ ಇನ್ನೂ ನಾಜೂಕು. "ಐ ಆಮ್ ಸೀಯಿಂಗ್ ಹಿಮ್" ಎಂದರೆ ಅವನು ನನ್ನ ಕಣ್ಣಿಗೆ ಬೀಳುತ್ತಿದ್ದಾನೆ ಎಂದಲ್ಲ, ಅವನ ಜೊತೆ ಓಡಾಡುತ್ತಿದ್ದೇನೆ ಎಂದು. ಮದುವೆಯಾದವರು ಈ ವಾಕ್ಯವನ್ನು ಹುಷಾರಾಗಿ ಬಳಸಬೇಕು.

ನಮ್ಮಲ್ಲಿ ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡೀತು ಎನ್ನುತ್ತಾರೆ. ಇಂಗ್ಲಿಷಿನ ಇಂಗನ್ನೂ ನಾವು ಹಾಗೇ ನಂಬಿದ್ದೇವೆ. ಸಾರಿಗೆ, ಹುಳಿಗೆ, ಗೊಜ್ಜಿಗೆ ಅದು ಒಗ್ಗುತ್ತದೆ: ರನ್ನಿಂಗ್, ರೈಟಿಂಗ್, ಕುಕ್ಕಿಂಗ್. ನೋ, ವಾಂಟ್, ಲೈಕ್, ಬಿಲಾಂಗ್, ಓನ್ ಇವೆಲ್ಲ ಪಾಯಸದ ಜಾತಿಯವು, ಒಗ್ಗರಣೆ ತಾಳುವುದಿಲ್ಲ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ತತ್ತ್ವಶಾಸ್ತ್ರಜ್ಞ ಝೆನೋ ವೆಂಡ್ಲರ್ 1957ರ ಒಂದು ಲೇಖನದಲ್ಲಿ ಇಂಗ್ಲಿಷ್ ಕ್ರಿಯಾಪದಗಳನ್ನು ನಾಲ್ಕು ರಾಶಿ ಹಾಕಿದ. ಅವನು ಒರೆಗಲ್ಲು ಮಾಡಿಕೊಂಡದ್ದು ನಾವು ಫೋನಿನಲ್ಲಿ ದಿನಾ ಕೇಳುವ ಪ್ರಶ್ನೆಯನ್ನೇ: ಏನು ಮಾಡ್ತಾ ಇದ್ದೀಯ? ಓಡ್ತಾ ಇದ್ದೇನೆ ಎನ್ನಬಹುದು. ತಿಳಿದಿದ್ದೇನೆ ಎಂದು ಉತ್ತರ ಕೊಡಲಾಗದು, ಏಕೆಂದರೆ ತಿಳಿದಿರುವುದು ಮಾಡುವಂಥದ್ದಲ್ಲ. ಅದೊಂದು ಸ್ಥಿತಿ. (ನಮ್ಮ ಯಾಸ್ಕನ ನಿರುಕ್ತದಲ್ಲಿ ವಾರ್ಷ್ಯಾಯಣಿ ಎಂಬವನ ಮಾತಾಗಿ ಬರುವ ಆರು ಭಾವವಿಕಾರಗಳಲ್ಲಿ ಹುಟ್ಟುವುದು, ಬೆಳೆಯುವುದು, ನಾಶವಾಗುವುದರ ಸಾಲಿನಲ್ಲೇ 'ಅಸ್ತಿ', ಅಂದರೆ ಸುಮ್ಮನೆ ಇರುವುದೂ ಕೂತಿದೆ. ಇರುವುದನ್ನೂ ಒಂದು ಆಗುವಿಕೆ ಎಂದು ಎಣಿಸಿದವರು ಅವರು. ವೆಂಡ್ಲರನ ಎದುರು ಕೂರಿಸಿದ್ದರೆ ಒಳ್ಳೆಯ ಜಗಳವಾಗುತ್ತಿತ್ತು.)

ಕನ್ನಡದವರು ಈ ತಪ್ಪು ಏಕೆ ಮಾಡುತ್ತಾರೆ ಎಂದರೆ ಟ್ರೈನಿಂಗಿನಲ್ಲಿ ನಮಗೆ ಕೊಟ್ಟ ಉತ್ತರ ಒಂದೇ: ಮಾತೃಭಾಷೆಯ ಪ್ರಭಾವ. ಮೂವತ್ತು ವರ್ಷ ನಾನೂ ಅದನ್ನೇ ಒಪ್ಪಿಸುತ್ತಾ ಬಂದೆ. ಅದು ಅರ್ಧ ಮಾತ್ರ ನಿಜ ಎಂದು ಗೊತ್ತಾದದ್ದು ಇಲ್ಲಿ ಕೂತು ಅಳಿಯಂದಿರ ಮಾತಿಗೆ ಕಿವಿಗೊಟ್ಟ ಮೇಲೆ.

ಅವರು ಧಾರವಾಡದವರು. ಭಾನುವಾರ ಊರಿಗೆ ಫೋನು ಮಾಡಿದಾಗಲೂ ದನಿ ಹಾಗೇ ಒಡೆಯುತ್ತದೆ. ಆಗ ಅವರ ಬಾಯಲ್ಲಿ ಬರುವುದು "ಅವ್ವಾ, ಕೇಳಿಸವಲ್ದು" ಎಂದು. ಈ ಮಾತಿನ ಸೊಗಸು ನೋಡಿ. ಕೇಳಿಸಲು ಒಲ್ಲದು, ಶಬ್ದವೇ ಬರಲು ಒಪ್ಪುತ್ತಿಲ್ಲ. ತಿಳೀವಲ್ದು ಎನ್ನುವುದೂ ಹಾಗೇ. ಮಗಳು ತಿದ್ದಿದ 'ಕಾಂಟ್ ಹಿಯರ್' ಇದಕ್ಕೆ ಎಷ್ಟು ಹತ್ತಿರ! ಅವ್ವನ ಜೊತೆ ಇಷ್ಟು ಖಚಿತವಾಗಿ ಮಾತಾಡುವ ಮನುಷ್ಯ ಮರುದಿನ ಬೆಳಿಗ್ಗೆ ಬೆಂಗಳೂರಿನ ಜೊತೆ 'ನಾಟ್ ಹಿಯರಿಂಗ್' ಎನ್ನುತ್ತಾರೆ.

ಮೈಸೂರು ಕಡೆಯ ಕನ್ನಡದಲ್ಲಿ ಕೇಳಿಸ್ತಾ ಇಲ್ಲ, ಕಾಣಿಸ್ತಾ ಇದೆ, ಅರ್ಥ ಆಗ್ತಾ ಇಲ್ಲ, ನೆನಪಾಗ್ತಾ ಇಲ್ಲ, ಹಾಗನ್ನಿಸ್ತಾ ಇದೆ ಎನ್ನುತ್ತೇವೆ. ಎಲ್ಲದರಲ್ಲೂ ಆ 'ತಾ' ಇದೆ. ಇವೇ ಇಂಗ್ಲಿಷಿನಲ್ಲಿ ನಾಟ್ ಹಿಯರಿಂಗ್, ನಾಟ್ ಅಂಡರ್‌ಸ್ಟ್ಯಾಂಡಿಂಗ್, ನಾಟ್ ರಿಮೆಂಬರಿಂಗ್ ಆಗುತ್ತವೆ. ಇಂದ್ರಿಯ, ಮನಸ್ಸುಗಳ ಮಟ್ಟಿಗೆ ಮಾತೃಭಾಷೆಯ ಮೇಲಿನ ಆರೋಪ ಸರಿ. ಆದರೆ 'ಐ ಆಮ್ ನೋಯಿಂಗ್', 'ಐ ಆಮ್ ವಾಂಟಿಂಗ್' ಎಲ್ಲಿಂದ ಬಂದವು? ಕನ್ನಡದಲ್ಲಿ ಗೊತ್ತು, ಬೇಕು, ಸಾಕು ಎಂಬವಕ್ಕೆ ಕಾಲದ ಪ್ರತ್ಯಯವೇ ನೇರವಾಗಿ ಹತ್ತುವುದಿಲ್ಲ. ಗೊತ್ತುತ್ತಿದ್ದೇನೆ, ಬೇಕುತ್ತಿದ್ದೇನೆ ಎಂದು ಯಾವ ಕನ್ನಡಿಗನೂ ನಿದ್ದೆಗಣ್ಣಿನಲ್ಲಿಯೂ ಹೇಳುವುದಿಲ್ಲ. ಮಧ್ಯೆ 'ಆಗು' ಎಂಬ ಮೆಟ್ಟಿಲು ಇಟ್ಟು ಗೊತ್ತಾಗ್ತಾ ಇದೆ ಎಂದರೆ, ಅದು ತಿಳಿದಿರುವುದಲ್ಲ, ತಿಳಿವು ಬರುತ್ತಿರುವುದು. ಈ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಹೆಚ್ಚು ಕಟ್ಟುನಿಟ್ಟು.

ಹಾಗಿದ್ದರೆ ಆ ನೋಯಿಂಗ್ ಬಂದದ್ದು ನನ್ನ ಕ್ಲಾಸಿನಿಂದಲೇ. ಒಪ್ಪಿಕೊಳ್ಳುತ್ತೇನೆ. ಸ್ಟ್ರಕ್ಚರಲ್ ವಿಧಾನ ಎಂದು ಒಂದಿತ್ತು. ಒಬ್ಬ ಹುಡುಗನನ್ನು ಎಬ್ಬಿಸಿ ಬಾಗಿಲ ಕಡೆ ನಡೆಸುವುದು, "ವಾಟ್ ಆರ್ ಯು ಡೂಯಿಂಗ್?" ಎನ್ನುವುದು, "ಐ ಆಮ್ ವಾಕಿಂಗ್ ಟು ದ ಡೋರ್" ಎಂದು ಅವನು ಕೂಗುವುದು, ಇಡೀ ತರಗತಿ ಅದನ್ನು ಮತ್ತೆ ಕೂಗುವುದು. ಬಾಗಿಲು ತೆಗೆಯುವುದನ್ನು ಕ್ಲಾಸಿನಲ್ಲಿ ಮಾಡಿ ತೋರಿಸಬಹುದು. ಗೊತ್ತಿರುವುದನ್ನು ಹೇಗೆ ಮಾಡಿ ತೋರಿಸುತ್ತೀರಿ? ಹೀಗೆ ಮಕ್ಕಳ ಕಿವಿಗೆ ಮೊದಲು ಬಿದ್ದದ್ದು ಇಂಗ್, ಗಟ್ಟಿಯಾಗಿ ಬಿದ್ದದ್ದೂ ಇಂಗ್. ಇನ್ನೊಂದು ಕಾರಣವೂ ಇದೆ, ಅದು ಮಕ್ಕಳ ಜಾಣತನ. ಸಾದಾ ವರ್ತಮಾನ ನೋಡಲು ಸಾದಾ, ಒಳಗೆ ಮುಳ್ಳು. ಐ ನೋ, ಹೀ ನೋಸ್, ಡಸ್ ಹೀ ನೋ, ಹೀ ಡಸಂಟ್ ನೋ. ಎಸ್ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ, ನಡುವೆ ಕರೆಯದೆ ಬರುವ ಡೂ. ಇಂಗ್ ಹಾಗಲ್ಲ. ಹೀ ಈಸ್ ನೋಯಿಂಗ್, ಈಸ್ ಹೀ ನೋಯಿಂಗ್, ಹೀ ಈಸ್ ನಾಟ್ ನೋಯಿಂಗ್. ಕ್ರಿಯಾಪದ ಕದಲುವುದೇ ಇಲ್ಲ. ಹೊಳೆಯಲ್ಲಿ ಈಜು ಬಾರದವನು ಕಂಬ ಹಿಡಿದುಕೊಂಡ ಹಾಗೆ ಮಕ್ಕಳು ಇಂಗ್ ಹಿಡಿದುಕೊಂಡರು. ಅವರನ್ನು ಬೈಯುವ ಹಕ್ಕು ನನಗಿಲ್ಲ.

ಈ ಡ್ರಿಲ್ಲಿನ ವಿರುದ್ಧ ಗಟ್ಟಿಯಾಗಿ ಎದ್ದ ದನಿಯ ಜೊತೆ ನಮ್ಮ ಬೆಂಗಳೂರಿನ ಹೆಸರು ಸೇರಿಕೊಂಡಿದೆ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನ ಭಾಷಾಶಿಕ್ಷಣದ ಪುಸ್ತಕಗಳಲ್ಲಿ ಬೆಂಗಳೂರು ಪ್ರಾಜೆಕ್ಟ್ ಎಂದೇ ಪ್ರಸಿದ್ಧ. ವ್ಯಾಕರಣದ ಪಟ್ಟಿ ಪಕ್ಕಕ್ಕಿಟ್ಟು ಮಕ್ಕಳ ಕೈಗೆ ನಕಾಶೆಯನ್ನೋ ರೈಲಿನ ವೇಳಾಪಟ್ಟಿಯನ್ನೋ ಕೊಟ್ಟು, ಬಿಡಿಸಲು ಒಂದು ಸಮಸ್ಯೆ ಒಡ್ಡುತ್ತಿದ್ದರು. ಮನಸ್ಸು ಅರ್ಥದ ಮೇಲಿದ್ದಾಗಲೇ ವ್ಯಾಕರಣ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ರೈಲು ಎಷ್ಟಕ್ಕೆ ಹೊರಡುತ್ತದೆ ಎಂದು ಹತ್ತು ಸಲ ಕೇಳಿದ ಮಗುವಿಗೆ ಸಾದಾ ವರ್ತಮಾನ ಬೇರೆ ಕಲಿಸಬೇಕೇ? ನಮ್ಮ ಶಾಲೆಯವರೆಗೆ ಆ ರೈಲು ಬರಲಿಲ್ಲ.

ಈಗ ಮೊಮ್ಮಗಳ 'ನಾನು ಗೊತ್ತು'ವಿಗೆ ಬರುತ್ತೇನೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳ ಕನ್ನಡದಲ್ಲಿ ಇದು ಮತ್ತೆ ಮತ್ತೆ ಕೇಳಿಬರುತ್ತದೆ. ನಾನು ಗೊತ್ತು, ನಾನು ಬೇಕು, ನಾನು ಇಷ್ಟ. 'ಐ ವಾಂಟ್ ಮಿಲ್ಕ್' ಎಂಬುದನ್ನು ತಲೆಯಲ್ಲಿಟ್ಟುಕೊಂಡು 'ನಾನು ಹಾಲು ಬೇಕು' ಎನ್ನುತ್ತವೆ. ಹಾಲಿಗೆ ಇವರು ಬೇಕೋ, ಇವರಿಗೆ ಹಾಲು ಬೇಕೋ! 'ನಾನು ಅಲ್ಲ ಕಂದಾ, ನಂಗೆ' ಎಂದು ದಿನಕ್ಕೆ ಹತ್ತು ಸಲ ತಿದ್ದುತ್ತಿದ್ದೆ. ಒಂದು ದಿನ ಅವಳು, "ವೈ? ವೆನ್ ನಾನು, ವೆನ್ ನಂಗೆ?" ಎಂದು ಕೇಳಿಯೇಬಿಟ್ಟಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ಹುಟ್ಟಿದಂದಿನಿಂದ ಬಳಸಿದ್ದಕ್ಕೆ ಸೂತ್ರ ಯಾರು ಬರೆದಿಡುತ್ತಾರೆ? ಹಾಗೇ ಕೂತು ಅವಳ ಬಣ್ಣದ ಪೆನ್ಸಿಲಿನಲ್ಲಿ ಎರಡು ಸಾಲು ಮಾಡಿದೆ. ನಾನು ನೋಡ್ತೀನಿ, ನನಗೆ ಕಾಣುತ್ತೆ. ನಾನು ಕೇಳ್ತೀನಿ, ನನಗೆ ಕೇಳಿಸುತ್ತೆ. ನಾನು ಯೋಚಿಸ್ತೀನಿ, ನನಗೆ ಅನ್ನಿಸುತ್ತೆ. ನಾನು ಕಲೀತೀನಿ, ನನಗೆ ಗೊತ್ತು.

ಎಡಗಡೆಯ ಸಾಲಿಗೆ ಇಂಗ್ಲಿಷ್ ಬರೆದೆ: ಲುಕ್, ಲಿಸನ್, ಥಿಂಕ್, ಲರ್ನ್. ಬಲಗಡೆಗೆ ಸೀ, ಹಿಯರ್, ಮತ್ತೆ ಥಿಂಕ್, ಕೊನೆಗೆ ನೋ. ಎಡಗಡೆಯವೆಲ್ಲ ಇಂಗಿಗೆ ಒಗ್ಗುವಂಥವು, ಬಲಗಡೆಯವು ಒಗ್ಗದವು! ಥಿಂಕ್ ಎರಡೂ ಕಡೆ ಇದೆ, ಸರಿಯಾಗಿಯೇ ಇದೆ. ಏನೋ ಯೋಚಿಸುತ್ತಿದ್ದರೆ ಐ ಆಮ್ ಥಿಂಕಿಂಗ್, ನನಗೆ ಹಾಗನ್ನಿಸಿದರೆ ಬರೀ ಐ ಥಿಂಕ್.

ಅಂದರೆ ಇಂಗ್ಲಿಷು ಕ್ರಿಯಾಪದದ ಬಾಲದಲ್ಲಿ ಇಟ್ಟಿರುವ ವ್ಯತ್ಯಾಸವನ್ನು ಕನ್ನಡ ವಾಕ್ಯದ ಬಾಗಿಲಲ್ಲೇ ಇಟ್ಟಿದೆ. ಮಾಡುವವನು 'ನಾನು' ಆಗಿ ಒಳಗೆ ಬರುತ್ತಾನೆ. ಸುಮ್ಮನೆ ಆಗಿಸಿಕೊಳ್ಳುವವನಿಗೆ 'ನನಗೆ'. ಹಸಿವು, ಚಳಿ, ಬೇಸರ, ನೆನಪು, ಸಂಶಯ, ಕನಸು ಯಾವುದನ್ನೂ ನಾವು ಮಾಡುವುದಿಲ್ಲ. ಅವೇ ನಮ್ಮ ಕಡೆ ಬರುತ್ತವೆ. ಬಾಗಿಲಲ್ಲಿ ಒಮ್ಮೆ ಹೇಳಿಯಾದ ಮೇಲೆ ಬಾಲದಲ್ಲಿ 'ತಾ ಇದೆ' ಬಂದರೂ ಕನ್ನಡಕ್ಕೆ ಏನೂ ನಷ್ಟವಿಲ್ಲ. ಇಂಗ್ಲಿಷಿನಲ್ಲಿ ಮಾಡುವವನೂ ಐ, ಆಗಿಸಿಕೊಳ್ಳುವವನೂ ಐ. ಬಾಗಿಲಲ್ಲಿ ಗುರುತು ಸಿಗದ್ದರಿಂದ ಅದು ಬಾಲವನ್ನು ಜೋಪಾನ ಮಾಡುತ್ತದೆ. ಅಳಿಯಂದಿರು ಬಾಲ ತಪ್ಪಿದರು, ಮೊಮ್ಮಗಳು ಬಾಗಿಲು ತಪ್ಪಿದಳು. ವಾಕ್ಯ ಕನ್ನಡದಲ್ಲಿ 'ನನಗೆ' ಎಂದು ಶುರುವಾದರೆ ಇಂಗ್ಲಿಷಿನಲ್ಲಿ ಇಂಗಿನ ಡಬ್ಬಿ ಮುಟ್ಟಬೇಡಿ ಎಂದು ಮೂವತ್ತು ವರ್ಷ ಹೇಳಿದ್ದರೆ ಎಷ್ಟು ಕೆಂಪು ಶಾಯಿ ಉಳಿಯುತ್ತಿತ್ತೋ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಡಿ. ಎನ್. ಶಂಕರ ಭಟ್ಟರು ಪುಸ್ತಕದ ಹೆಸರಿನಲ್ಲೇ ಹೇಳಿದ್ದರು. ಇಂಗ್ಲಿಷ್ ಕಲಿಸಲಿಕ್ಕೂ ಅದು ಬೇಕು ಎಂದು ಈಗ ಸೇರಿಸಬಹುದೇನೋ.

ಅಡುಗೆಮನೆಯಲ್ಲಿ ಈ ಸೂತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಇಂಗ್ಲಿಷಿನ ಟೇಸ್ಟ್, ಸ್ಮೆಲ್ ಎರಡೂ ಎರಡು ಬಗೆ. ಸಾರು ಉಪ್ಪುಪ್ಪಾಗಿದೆ ಎಂದರೆ ಇಟ್ ಟೇಸ್ಟ್ಸ್ ಸಾಲ್ಟಿ. ನಾನು ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಿದ್ದರೆ ಐ ಆಮ್ ಟೇಸ್ಟಿಂಗ್ ಇಟ್. ಎರಡನೆಯದಕ್ಕೆ ಕನ್ನಡದಲ್ಲಿ 'ನೋಡು' ಬರುತ್ತದೆ: ರುಚಿ ನೋಡು, ಮೂಸಿ ನೋಡು, ಮುಟ್ಟಿ ನೋಡು, ತೂಗಿ ನೋಡು. 'ನೋಡು' ಬಂದಲ್ಲಿ ಇಂಗಿಗೆ ಸ್ವಾಗತ. ಅಡುಗೆಮನೆಯ ಹೊರಗೂ ಅಷ್ಟೇ: ನ್ಯೂಯಾರ್ಕಿನ ಸಬ್‌ವೇಯಲ್ಲಿ ಕಾಣುವ ಪ್ರಸಿದ್ಧ ಎಚ್ಚರಿಕೆಯನ್ನೇ ತೆಗೆದುಕೊಳ್ಳಿ. 2001ರ ಸೆಪ್ಟೆಂಬರಿನ ದಾಳಿಯ ಬೆನ್ನಲ್ಲೇ ಆಲನ್ ಕೇ ಎಂಬ ಜಾಹೀರಾತುಗಾರನಿಗೆ ಹೊಳೆದದ್ದು ಅದು: "ಇಫ್ ಯು ಸೀ ಸಮ್‌ಥಿಂಗ್, ಸೇ ಸಮ್‌ಥಿಂಗ್." ಕನ್ನಡಕ್ಕೆ ತಂದರೆ ಏನಾದರೂ ಕಂಡರೆ ಹೇಳಿ ಎಂದೇ ಆಗುತ್ತದೆ, ನೋಡಿದರೆ ಎಂದಲ್ಲ. ಹುಡುಕಿಕೊಂಡು ಹೋಗಿ ನೋಡುವುದು ಪೊಲೀಸರ ಕೆಲಸ, ಕಣ್ಣಿಗೆ ಬೀಳುವುದು ನಮ್ಮದು. ಕುಂದಾಪುರದವರು ಮಾತ್ರ ಇಲ್ಲಿ ನಗುತ್ತಾರೆ. ಅವರಿಗೆ ನೋಡುವುದೂ ಕಾಣುವುದೇ: "ಕಾಣಿ ಮಾರಾಯ್ರೆ."

ಸೂತ್ರಕ್ಕೆ ತೂತುಗಳಿಲ್ಲವೆಂದಲ್ಲ. ನಾನು ನಂಬುತ್ತೇನೆ ಎನ್ನುವಾಗ ಬಾಗಿಲಲ್ಲಿ ನಾನು ಇದ್ದರೂ ಬಿಲೀವ್ ಇಂಗು ಬೇಡವೆನ್ನುತ್ತದೆ. ನನಗೆ ನೆಗಡಿ ಆಗ್ತಾ ಇದೆ ಎಂದರೆ ಅಲ್ಲಿ ಬದಲಾವಣೆ ನಡೆಯುತ್ತಿರುವುದರಿಂದ ಐ ಆಮ್ ಗೆಟಿಂಗ್ ಎ ಕೋಲ್ಡ್. ನಿಂತಿದ್ದಾನೆ, ಕೂತಿದ್ದಾನೆ, ಕೋಟು ಹಾಕಿಕೊಂಡಿದ್ದಾನೆ ಎಂಬವಂತೂ ಪೂರ್ತಿ ತಿರುವುಮುರುವು. ನಿಲ್ಲುವ ಕೆಲಸ ಮುಗಿದು ಈಗ ಆ ಸ್ಥಿತಿಯಲ್ಲಿದ್ದಾನೆ ಎಂಬುದು ನಮ್ಮ ಲೆಕ್ಕ. ಅವರ ಲೆಕ್ಕದಲ್ಲಿ ಅವನು ಇನ್ನೂ ನಿಲ್ಲುತ್ತಲೇ ಇದ್ದಾನೆ, ಸ್ಟ್ಯಾಂಡಿಂಗ್.

ಇದನ್ನೆಲ್ಲ ಅಳಿಯಂದಿರಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಎಲ್ಲಾ ಖರೇ ಅತ್ತೆಯವ್ರ, ಆದ್ರ ನಮ್ಮ ಮ್ಯಾನೇಜರ್ ದಿನಾ 'ವಾಟ್ ಐ ಆಮ್ ಹಿಯರಿಂಗ್ ಈಸ್' ಅಂತಾನ. ಅವಾ ಅಂದ್ರ ಸರಿ, ನಾ ಅಂದ್ರ ತಪ್ಪೇನ್ರಿ?" ಎಂದರು. ಆ ಮ್ಯಾನೇಜರ್ ಹುಟ್ಟಾ ಅಮೆರಿಕನ್. ನ್ಯಾಯವಾದ ಪ್ರಶ್ನೆ. ಮೆಕ್‌ಡೊನಾಲ್ಡ್ಸ್‌ನವರು 2003ರಿಂದ 'ಐ ಆಮ್ ಲವಿಂಗ್ ಇಟ್' ಎನ್ನುತ್ತಿಲ್ಲವೇ? ಅವರಿಗೆ ನಿಯಮ ಗೊತ್ತಿದ್ದು ಮುರಿಯುತ್ತಾರೆ. ಲವಿಂಗ್ ಎಂದಾಗ ಈ ತುತ್ತು, ಈ ಕ್ಷಣ ಎಂಬ ಧ್ವನಿ ಬರುತ್ತದೆ. ಹಿಯರಿಂಗ್ ಎಂದಾಗ ಅರ್ಧ ಗಂಟೆಯಿಂದ ನಿಮ್ಮ ಮಾತುಗಳಿಂದ ನಾನು ಸೋಸಿ ತೆಗೆದದ್ದು ಇದು ಎಂಬರ್ಥ. ಅಲ್ಲಿ ಕಿವಿ ನಿಜವಾಗಿಯೂ ಕೆಲಸ ಮಾಡುತ್ತಿದೆ. ನೋಯಿಂಗ್ ಎಂದು ಆ ಮ್ಯಾನೇಜರನೂ ಅನ್ನಲಾರ. ಅಳಿಯಂದಿರಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ, ನನಗೂ ಪೂರ್ತಿ ಆಗಿಲ್ಲ. ಯಾರ ಬಾಯಿಂದ ಬಂತು ಎಂಬುದರ ಮೇಲೆ ತಪ್ಪು ಶೈಲಿಯಾಗುವುದು ವ್ಯಾಕರಣದ ಮಾತಲ್ಲ, ಅಧಿಕಾರದ ಮಾತು.

ಹಾಗೆ ನೋಡಿದರೆ ಇಂಗು ಇಂಗ್ಲಿಷಿನಲ್ಲೇ ನಿಧಾನವಾಗಿ ಹರಡಿದ್ದು. ಷೇಕ್ಸ್‌ಪಿಯರನ ಕಾಲದಲ್ಲಿ ಪುಸ್ತಕ ಹಿಡಿದು ಕೂತವನನ್ನು ಏನು ಓದುತ್ತಿದ್ದೀ ಎಂದು ಕೇಳಲು ಅದು ಬೇಕೇಬೇಕು ಎಂದಿರಲಿಲ್ಲ. ಮನೆ ಕಟ್ಟಲಾಗುತ್ತಿದೆ ಎನ್ನಲು 'ದ ಹೌಸ್ ಈಸ್ ಬಿಲ್ಡಿಂಗ್' ಎನ್ನುತ್ತಿದ್ದರು. 'ಈಸ್ ಬೀಯಿಂಗ್ ಬಿಲ್ಟ್' ಎಂಬ ಹೊಸ ರೂಪ ಬಂದಾಗ ಇಲ್ಲೇ ಹತ್ತಿರದ ನ್ಯೂಯಾರ್ಕಿನ ರಿಚರ್ಡ್ ಗ್ರಾಂಟ್ ವೈಟ್ ಎಂಬ ವಿಮರ್ಶಕ 1870ರ ತನ್ನ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಅದರ ಮೇಲಿನ ಸಿಟ್ಟಿಗೆ ಮೀಸಲಿಟ್ಟ. ಇವತ್ತು ಅವನ ಪಕ್ಷ ಹಿಡಿಯುವವರು ಯಾರೂ ಇಲ್ಲ. ನಮ್ಮ ಹಾಸನದ ರಾಜಾರಾವ್ 1938ರ 'ಕಾಂತಪುರ'ದ ಮುನ್ನುಡಿಯಲ್ಲಿ, ನಮ್ಮ ಇಂಗ್ಲಿಷು ಒಂದು ದಿನ ಐರಿಷ್ ಇಂಗ್ಲಿಷಿನ ಹಾಗೆ ತನ್ನದೇ ಬಣ್ಣದ ಉಪಭಾಷೆಯಾಗಲೇಬೇಕು ಎಂಬ ಭರವಸೆ ಇಟ್ಟಿದ್ದರು. ಮುಂಬಯಿಯ ಕವಿ ನಿಸ್ಸಿಂ ಇಝೀಕಿಯೆಲ್ ಅದೇ ಇಂಗಿನ ಇಂಗ್ಲಿಷನ್ನು ಕವಿತೆಗಳಲ್ಲಿ ಆಡಿಸಿ ನಗಿಸಿದರು. ಆ ನಗುವಿನಲ್ಲಿ ಅಕ್ಕರೆ ಎಷ್ಟು, ಕುಹಕ ಎಷ್ಟು ಎಂದು ನನಗಿನ್ನೂ ಬಗೆಹರಿದಿಲ್ಲ. ಪರೀಕ್ಷೆ, ಇಂಟರ್‌ವ್ಯೂ, ಆಫೀಸಿನ ಇಮೇಲ್ ಇವಕ್ಕೆ ನನ್ನ ಸಲಹೆ ಹಳೆಯದೇ: ಇಂಗು ಕಡಿಮೆ ಮಾಡಿ. ಲಿಫ್ಟಿನ ಮಾತಿಗೆ ಅಷ್ಟು ಬಿಗಿ ಬೇಡ.

ಒಂದು ಇಂಗನ್ನು ಮಾತ್ರ ತಿದ್ದಲು ನನಗೆ ಮನಸ್ಸು ಬರುವುದಿಲ್ಲ. "ವೇರ್ ಆರ್ ಯು ಸ್ಟೇಯಿಂಗ್?" ಎಂದು ದಂಡೆಯಲ್ಲಿ ಸಿಕ್ಕವರು ಕೇಳುತ್ತಾರೆ. "ಐ ಆಮ್ ಸ್ಟೇಯಿಂಗ್ ಇನ್ ಹ್ಯಾರಿಸನ್" ಎಂದು ಹತ್ತು ವರ್ಷದಿಂದ ಇಲ್ಲೇ ಇರುವವರೂ ಉತ್ತರಿಸುತ್ತಾರೆ. ಅಮೆರಿಕನ್ನರ ಕಿವಿಗೆ ಅದು ನಾಲ್ಕು ದಿನಕ್ಕೆ ಬಂದು ಹೋಟೆಲಿನಲ್ಲಿ ಇಳಿದವರ ಮಾತು. ಐ ಲಿವ್ ಇನ್ ಹ್ಯಾರಿಸನ್ ಎನ್ನಬೇಕು ಎಂದು ಪುಸ್ತಕ ಹೇಳುತ್ತದೆ. ಆದರೆ ವೀಸಾ ಮೂರು ವರ್ಷಕ್ಕೆ, ಆಮೇಲೆ ಮತ್ತೆ ಮೂರಕ್ಕೆ. ಗ್ರೀನ್ ಕಾರ್ಡಿನ ಸಾಲು ಎಲ್ಲಿ ಮುಗಿಯುತ್ತದೋ ಸಾಲಿನಲ್ಲಿ ನಿಂತವರಿಗೂ ಕಾಣುವುದಿಲ್ಲ. ನನ್ನದಂತೂ ಆರು ತಿಂಗಳ ಮುದ್ರೆ. ಇವರ ಬಾಯಲ್ಲಿ ಲಿವ್ ಬಾರದೆ ಸ್ಟೇಯಿಂಗ್ ಬಂದರೆ ನಾನು ಯಾವ ಪೆನ್ನಿನಿಂದ ಗೀಟು ಹಾಕಲಿ?

ನಿನ್ನೆ ರಾತ್ರಿ ಮಲಗುವಾಗ ಮೊಮ್ಮಗಳು ಪಟ್ಟಿ ತಂದಳು. "ಅಜ್ಜಿ, ಐ ಲವ್ ಯು ಯಾವ ಕಡೆ? ನಾನಾ, ನಂಗಾ?" ಪ್ರೀತಿಸುತ್ತೇನೆ ಎಂದರೆ ಎಡಗಡೆಗೆ ಹೋಗಬೇಕು. ಅದು ಸಿನಿಮಾದವರ ಕನ್ನಡ, ನಮ್ಮ ಮನೆಗಳಲ್ಲಿ ಯಾರೂ ಹಾಗೆ ಹೇಳಿದ್ದನ್ನು ಕೇಳಿಲ್ಲ. ನಮ್ಮಮ್ಮ ಹೇಳುತ್ತಿದ್ದುದನ್ನೇ ಹೇಳಿದೆ: "ನಿನ್ನ ಕಂಡ್ರೆ ನಂಗೆ ಪ್ರಾಣ." ಅವಳು ಕಂಡ್ರೆ, ನಂಗೆ ಎರಡಕ್ಕೂ ಗೆರೆ ಎಳೆದು ಬಲಗಡೆಯ ಸಾಲಿಗೆ ಬರೆದುಕೊಂಡಳು.

ಬೆಳಿಗ್ಗೆ ಏಳೂವರೆಗೆ ಅಳಿಯಂದಿರು ಹೆಡ್‌ಫೋನ್ ಹಾಕಿಕೊಂಡು, ನನ್ನ ಕಡೆ ಒಮ್ಮೆ ನೋಡಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು: "ಕ್ಯಾನ್ ಯು ಹಿಯರ್ ಮಿ?"

ಬೆಂಗಳೂರಿನಿಂದ ಒಟ್ಟಿಗೇ ನಾಲ್ಕು ದನಿ ಬಂತು. "ಎಸ್ ಎಸ್, ವಿ ಆರ್ ಹಿಯರಿಂಗ್."